ಈಶಾನ್ಯ ಮೂಲೆಯ ಮಣ್ಣು

ನೇಕಾರರ ಊರೊಂದರಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಮುಚ್ಚಿ ಹದಿನೈದು ವರ್ಷವಾಗಿತ್ತು. ನಾಲ್ಕು ಎಕರೆ ಜಾಗ, ಸುತ್ತ ಗೋಡೆ, ಒಳಗೆ ಬರೀ ಜಾಲಿ ಮುಳ್ಳು. ಊರ ನಟ್ಟನಡುವೆ ಇಷ್ಟು ಜಾಗ ಹಾಳು ಬಿದ್ದಿದ್ದರೂ ಹೆಂಗಸರು ನೇಯ್ದ ಸೀರೆ ಮಾರುವುದಕ್ಕೂ, ಒಂದು ಸಿವುಡು ಮೆಂತ್ಯ ಕೊಳ್ಳುವುದಕ್ಕೂ ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಬೇಕಿತ್ತು.

ಆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಣ್ಣದ ಹಂಡೆ ಕಾದವನು ಫಕೀರಪ್ಪ. ಕೆಲಸ ಹೋದ ಮೇಲೆ ಬಸ್ ಸ್ಟ್ಯಾಂಡಿನ ಮುಂದೆ ತಳ್ಳುಗಾಡಿಯಲ್ಲಿ ಚಹಾ ಮಾರುತ್ತಿದ್ದ. ದಿನಕ್ಕೆ ಎರಡು ಸಲ ಯಾರಾದರೊಬ್ಬರು ಬಂದು ಗಾಡಿ ಎತ್ತು ಅನ್ನುವರು. ಪಾಪ, ಅರವತ್ತೈದರ ವಯಸ್ಸಿನಲ್ಲಿ ಅವನಿಗಿದ್ದದ್ದು ಒಂದೇ ಆಸೆ: ಯಾರೂ ಎಬ್ಬಿಸದಂಥ ಒಂದು ಪುಟ್ಟ ಅಂಗಡಿ.

ಊರಿನ ಮಹಿಳಾ ಸಂಘಕ್ಕೆ ಮಾಳವ್ವ ಅಧ್ಯಕ್ಷೆ. ಗಟ್ಟಿಗಿತ್ತಿ. ಪುರಸಭೆಗೆ ಓಡಾಡಿ ಓಡಾಡಿ ಚಪ್ಪಲಿ ಸವೆಸಿ, ಕೊನೆಗೂ ಆ ಜಾಗವನ್ನು ಸಂಘಕ್ಕೆ ಕೊಡುವಂತೆ ಒಪ್ಪಿಸಿದಳು. ಅಲ್ಲೊಂದು ಮಾರುಕಟ್ಟೆ, ಮಗ್ಗದ ಶೆಡ್ಡು, ಅಂಗನವಾಡಿ ಮಕ್ಕಳ ಊಟಕ್ಕೆ ಕಾಯಿಪಲ್ಯದ ಮಡಿ. ಪುರಸಭೆಯವರು ಹಾಕಿದ್ದು ಒಂದೇ ಷರತ್ತು: ಮಣ್ಣಿನ ಪರೀಕ್ಷೆ ಆಗಬೇಕು, ಒಂದು ಚೀಲ ಮಣ್ಣು ಕಳಿಸಿ. ಜಾಗ ಬಲ್ಲವನೆಂದು ಮಾಳವ್ವ ಫಕೀರಪ್ಪನನ್ನೇ ಕರೆದಳು. ಮಾರುಕಟ್ಟೆ ಆದರೆ ಮೊದಲ ಚಹಾದಂಗಡಿ ನಿನ್ನದೇ ಕಾಕಾ ಅಂತ ಎಲ್ಲರೆದುರು ಮಾತು ಕೊಟ್ಟಳು.

ಈಗ ನೋಡಿ ನಮ್ಮವರ ಪದ್ಧತಿ. ಒಳ್ಳೆ ಕೆಲಸಕ್ಕೆ ಮೊದಲ ಗುದ್ದಲಿ ಎಲ್ಲಿ ಹಾಕುತ್ತೇವೆ? ಈಶಾನ್ಯ ಮೂಲೆಯಲ್ಲಿ. ಹೆಂಗಸರು ಅಲ್ಲಿ ನೀರು ಚಿಮುಕಿಸಿ, ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದರು. ಫಕೀರಪ್ಪ ಕೈ ಮುಗಿದು ಅಲ್ಲೇ ಅಗೆದ. ಆ ಮಣ್ಣನ್ನೇ ಚೀಲಕ್ಕೆ ತುಂಬಿ ಕಳಿಸಿದರು. ಪರೀಕ್ಷೆ ಯಾತಕ್ಕೆಂದು ಯಾರೂ ಯೋಚಿಸಲಿಲ್ಲ, ಯಾರ ಮನಸ್ಸಿನಲ್ಲೂ ಮೋಸವಿರಲಿಲ್ಲ.

ತಿಂಗಳಾದ ಮೇಲೆ ವರದಿ ಬಂತು. ಮಣ್ಣು ಚೆನ್ನಾಗಿದೆ, ಯಾವ ತೊಂದರೆಯೂ ಇಲ್ಲ. ಊರಿಗೆ ಊರೇ ಪೇಡೆ ಹಂಚಿತು. ಮಾಳವ್ವ ಮರುದಿನವೇ ಜಾಲಿ ಕಡಿಸಿ, ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆದಳು. ಇಲ್ಲಿ ಅಂಗಡಿ ಸಾಲು, ಇಲ್ಲಿ ಮಗ್ಗ, ಅಗೋ ಅಲ್ಲಿ ಕಾರ್ಖಾನೆಯ ಹಳೇ ತೊಟ್ಟಿಯ ಪಕ್ಕ ಮೆಂತ್ಯ, ಪಾಲಕ್, ಮೂಲಂಗಿ.

ತನ್ನ ಅಂಗಡಿಯ ಅಳತೆ ನೋಡಲು ಬಂದಿದ್ದ ಫಕೀರಪ್ಪ ತೊಟ್ಟಿಯ ಕಡೆ ತಿರುಗಿ ನೋಡಿದ. ಅಳತೆ ಮರೆತು ಅಲ್ಲೇ ನಿಂತ. ಇಪ್ಪತ್ತೆರಡು ವರ್ಷ ಬಣ್ಣದ ಹಂಡೆಯ ಗಸಿಯನ್ನು ಮಾಲೀಕರು ಹೇಳಿದಂತೆ ಅವನು ಸುರಿದದ್ದು ಅಲ್ಲೇ. ಈಶಾನ್ಯದಲ್ಲಿ ಕಾರ್ಖಾನೆಯ ದೇವರ ಕಟ್ಟೆ ಇತ್ತು. ಅತ್ತ ಒಂದು ಹನಿ ಬಣ್ಣವನ್ನೂ ಯಾರೂ ಚೆಲ್ಲಿರಲಿಲ್ಲ. ಪರೀಕ್ಷೆಗೆ ಹೋದದ್ದು ಆ ಶುದ್ಧ ಮಣ್ಣು.

ಎರಡು ದಿನ ಅವನಿಗೆ ಚಹಾ ಕುದಿಸುವುದರಲ್ಲೂ ಮನಸ್ಸಿರಲಿಲ್ಲ. ಸಕ್ಕರೆ ಹಾಕಿದೆನೋ ಇಲ್ಲವೋ ಅಂತ ಗಿರಾಕಿಗಳನ್ನೇ ಕೇಳುತ್ತಿದ್ದ. ಹಂಡೆ ಕಾದ ಜೊತೆಗಾರರು ಒಬ್ಬರೂ ಊರಲ್ಲಿ ಉಳಿದಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿ ಬಿಟ್ಟರೆ ಅಂಗಡಿ ಹೋಯಿತು, ಜೊತೆಗೆ ವಿಷ ಸುರಿದವನು ಇವನೇ ಎಂಬ ಹೆಸರೂ ಬಂತು. ಆದರೆ ಬಟ್ಟಲು ಹಿಡಿದು ಕೂತ ಅಂಗನವಾಡಿಯ ಮಕ್ಕಳು ಅವನ ಕಣ್ಣ ಮುಂದಿಂದ ಸರಿಯಲೇ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಮಾಳವ್ವನ ಮನೆಗೆ ಹೋದ. ಅವಳು ಮಗ್ಗದಲ್ಲಿ ಕೂತಿದ್ದಳು. ಅವನು ಹೊಸ್ತಿಲಲ್ಲೇ ನಿಂತು ತಲೆ ತಗ್ಗಿಸಿದ.

"ತಂಗಿ, ಆ ತೊಟ್ಟಿ ಕಡೆ ಪಲ್ಯಾ ಹಾಕಬ್ಯಾಡ. ಅಲ್ಲಿ ವಿಷ ಐತಿ. ಸುರದಾಂವ ನಾನಽ."

ಮಗ್ಗ ನಿಂತಿತು. ಐದು ವರ್ಷದ ಓಡಾಟ ಮಾಳವ್ವನದು, ಸಿಟ್ಟು ಬಾರದೇ ಇರುತ್ತದೆಯೇ? ಬಂತು. ನುಂಗಿಕೊಂಡಳು. ಎದ್ದು ಚಪ್ಪಲಿ ಮೆಟ್ಟಿ, ನಡಿ ಕಾಕಾ, ಎಲ್ಲೆಲ್ಲಿ ಅಂತ ತೋರಿಸು ಅಂದಳು.

ಊರವರು ಸುಮ್ಮನಿದ್ದರೇ? ಒಳ್ಳೆ ವರದಿ ಬಂದ ಮೇಲೆ ಈ ಮುದುಕನಿಗೆ ಯಾಕೆ ಬೇಕಿತ್ತು ಉಸಾಬರಿ ಅಂತ ಬೈದರು. ಕೆಲವರು ಅವನ ಗಾಡಿಯ ಚಹಾ ಕುಡಿಯುವುದನ್ನೇ ಬಿಟ್ಟರು. ಅವನು ದಿನಾ ಗಾಡಿ ತಳ್ಳಿಕೊಂಡು ಬಂದು ಚಹಾ ಕುದಿಸುತ್ತಲೇ ಇದ್ದ.

ಮಾಳವ್ವ ಪುರಸಭೆಗೆ ಹೋಗಿ ಮತ್ತೊಮ್ಮೆ ಪರೀಕ್ಷೆ ಕೇಳಿದಳು. ಈ ಸಲ ಮಣ್ಣು ಪರೀಕ್ಷಿಸುವ ಲ್ಯಾಬಿನಿಂದ ಅಧಿಕಾರಿ ಜಬೀನಾ ಮೇಡಂ ತಾವೇ ಬಂದರು. ಫಕೀರಪ್ಪ ಬೆರಳು ತೋರಿಸಿದಲ್ಲೆಲ್ಲ ಆಳವಾಗಿ ಕೊರೆಸಿ ಮಣ್ಣು ತೆಗೆಸಿದರು, ಉಳಿದ ಕಡೆಯೂ ಅಲ್ಲಲ್ಲಿ ತೆಗೆಸಿದರು. ಅವನು ಹೇಳಿದ್ದು ನಿಜವಾಯಿತು. ತೊಟ್ಟಿಯ ಸುತ್ತ ಅರ್ಧ ಎಕರೆಯಲ್ಲಿ ವಿಷದ ಲೋಹ ಇಳಿದಿತ್ತು. ಮಿಕ್ಕ ಮೂರೂವರೆ ಎಕರೆ ಚೊಕ್ಕಟವಾಗಿತ್ತು. ರೋಗ ಎಲ್ಲಿದೆ ಅಂತ ಅಜ್ಜಾರು ತೋರಿಸಿದ್ದಕ್ಕೆ ಮದ್ದು ಹಾಕುವುದು ಸುಲಭವಾಯಿತು ಅಂತ ಮೇಡಂ ಅವನಿಗೆ ಕೈ ಮುಗಿದರು.

ಕೆಟ್ಟ ಮಣ್ಣನ್ನು ಬಗೆದು, ಅಂಥ ಕಸ ಹೂಳುವ ಜಾಗಕ್ಕೆ ಲಾರಿಯಲ್ಲಿ ಸಾಗಿಸಿದರು. ಗುಂಡಿಗೆ ಜೇಡಿಮಣ್ಣು ತುಂಬಿ ಬಿಗಿದು, ಮೇಲೆ ಕಾಂಕ್ರೀಟ್ ಹಾಸಿ, ಅಲ್ಲಿ ಮಗ್ಗದ ಶೆಡ್ಡು ಎಬ್ಬಿಸಿದರು. ಕಾಯಿಪಲ್ಯದ ಮಡಿಗಳು ಒಳ್ಳೆ ನೆಲಕ್ಕೆ ಬಂದವು. ಎರಡು ವರ್ಷ ಹಿಡಿಯಿತು. ಫಕೀರಪ್ಪನಿಗೆ ಅಂಗಡಿ ಸಿಕ್ಕಿತೇ ಅಂತ ಕೇಳುತ್ತೀರಿ. ಸಿಕ್ಕಿತು, ಎರಡು ವರ್ಷ ತಡವಾಗಿ, ಬಾಗಿಲ ಪಕ್ಕದ್ದೇ.

ಮಾರುಕಟ್ಟೆ ಶುರುವಾದ ದಿನ ಊರಿಗೆಲ್ಲ ಊಟ. ಅಲ್ಲಿಯ ಮಡಿಯಲ್ಲೇ ಬೆಳೆದ ಮೆಂತ್ಯದ ಪಲ್ಯ, ಬಿಸಿ ರೊಟ್ಟಿ. ಮೊದಲ ತಾಟು ಪುರಸಭೆಯ ಅಧ್ಯಕ್ಷರಿಗೆ ಹೋಗಬೇಕಿತ್ತು. ಮಾಳವ್ವ ಅದನ್ನು ಒಯ್ದು ಹಿಂದಿನ ಸಾಲಿನಲ್ಲಿ ಮುದುಡಿ ಕೂತಿದ್ದ ಫಕೀರಪ್ಪನ ಮುಂದಿಟ್ಟಳು.

"ನೆಲ ಚಲೋ ಐತಿ ಅಂತ ಎಲ್ಲಾರೂ ಹೇಳಿದ್ರಿ. ಕೆಟ್ಟೈತಿ ಅಂತ ಹೇಳಿದಾಂವ ಈ ಕಾಕಾ ಒಬ್ಬನಽ. ನಮ್ಮ ಮಕ್ಕಳು ಇವತ್ತು ಹೆದರಿಕಿಲ್ಲದ ಈ ಪಲ್ಯಾ ಉಣ್ಣೂದು ಇವನ ಪುಣ್ಯದಾಗ. ಉಣ್ಣು ಕಾಕಾ, ನೀ ಮೊದಲ ಉಣ್ಣು."

ಬೈದಿದ್ದವರೆಲ್ಲ ಎದ್ದು ನಿಂತರು. ಫಕೀರಪ್ಪ ರೊಟ್ಟಿ ಮುರಿದ. ಕಣ್ಣೀರು ತಾಟಿಗೆ ಬೀಳುತ್ತಿತ್ತು, ಒರೆಸಿಕೊಳ್ಳದೆಯೇ ಉಂಡ.

ನೀತಿ: ತನ್ನ ತಪ್ಪನ್ನು ತಾನೇ ಹೇಳಿಕೊಂಡು ಊರನ್ನು ಉಳಿಸುವವನು ದೊಡ್ಡವನು. ಕಹಿ ಸತ್ಯ ಹೇಳಿದವರನ್ನು ಬೈದು ಕಳಿಸಬೇಡಿ. ಕೆಟ್ಟದ್ದು ಎಲ್ಲಿದೆ ಎಂದು ಗೊತ್ತಾದರೆ ಮಾತ್ರ ನೆಲವಾಗಲಿ, ಬದುಕಾಗಲಿ ಹಸನಾಗುತ್ತದೆ. ಅದನ್ನು ತೋರಿಸಿದವರ ಉಪಕಾರ ಮರೆಯಬಾರದು.