ಗಾಣಿಗನ ಅಂಗಳದ ಕಕ್ಕೆ

"ಹೆಮ್ಮೆಯನ್ನು ಬೇರುಸಹಿತ ಕೀಳುವುದು ಹೇಗೆ, ಗುರುಗಳೇ?" ಎಂದು ಸಂಗಯ್ಯ ಕೇಳಿದ.

ಸಂಗಯ್ಯ ಆ ಮಠದಲ್ಲಿ ಬೆಳಗಿನ ಪ್ರಾರ್ಥನೆ ಹಾಡುತ್ತಿದ್ದ ಶಿಷ್ಯ. ಅವನ ಕಂಠ ಕೇಳಲೆಂದೇ ಸುತ್ತಲ ಹಳ್ಳಿಗಳ ಜನ ನಸುಕಿನಲ್ಲಿ ನಡೆದು ಬರುತ್ತಿದ್ದರು. ಈಚೆಗೆ ಅವನು ಹಾಡುವುದನ್ನು ಬಿಟ್ಟಿದ್ದ. ಗಂಟಲು ಕಟ್ಟಿದೆ ಎಂದು ಉಳಿದವರಿಗೆ ಹೇಳಿದ್ದ. ಗುರುಗಳ ಮುಂದೆ ಆ ಸುಳ್ಳು ಬಾಯಿಗೆ ಬರಲಿಲ್ಲ.

"ಹಾಡುವಾಗ ದೇವರ ಮುಖ ನೋಡುವ ಬದಲು ಜನರ ಮುಖ ನೋಡುತ್ತೇನೆ. ಯಾರು ತಲೆದೂಗಿದರು, ಯಾರು ಕಣ್ಣೊರೆಸಿಕೊಂಡರು ಎಂದು ಹುಡುಕುತ್ತೇನೆ. ಇಂಥ ಹಾಡು ಇರುವುದಕ್ಕಿಂತ ಇಲ್ಲದಿರುವುದೇ ಮೇಲಲ್ಲವೇ?"

ಗುರುಗಳು ಕೂತುಕೋ ಎಂದು ಸನ್ನೆ ಮಾಡಿ ಹೇಳತೊಡಗಿದರು.

ಗುಡ್ಡದ ಬುಡದ ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಎಳ್ಳು ಕೊಳ್ಳಲು ಗುಡ್ಡದಾಚೆಯ ಹಳ್ಳಿಗಳಿಗೆ ಹೋಗಿಬರುತ್ತಿದ್ದ. ಒಂದು ಬೇಸಿಗೆಯಲ್ಲಿ ಗುಡ್ಡ ಇಳಿಯುವಾಗ ಕಕ್ಕೆ ಮರ ಹೂ ಬಿಟ್ಟಿದ್ದನ್ನು ಕಂಡ. ಪ್ರತಿವರ್ಷವೂ ಕಾಣುತ್ತಿದ್ದದ್ದೇ. ಆ ದಿನ ಮಾತ್ರ ಏನು ತೋಚಿತೋ, ಗಾಡಿ ನಿಲ್ಲಿಸಿದ. ಮರದಲ್ಲಿ ಎಲೆಯೇ ಇರಲಿಲ್ಲ. ಕೊಂಬೆಕೊಂಬೆಗೂ ಹಳದಿ ಗೊಂಚಲು ಜೋತುಬಿದ್ದಿತ್ತು. ನೆಲವೆಲ್ಲ ಕಾದು ಬಿರಿದಿರುವಾಗ ಇದಕ್ಕೆ ಇಷ್ಟು ಎಲ್ಲಿಂದ ಬಂತು ಎಂದು ಬೆರಗಾಗಿ ನಿಂತ. ಬುಡದಲ್ಲಿ ಬಿದ್ದಿದ್ದ ಉದ್ದನೆಯ ಕರಿಕಾಯಿಗಳನ್ನು ಆಯ್ದು ಗಾಡಿಗೆ ಹಾಕಿಕೊಂಡು ಮನೆಗೆ ಬಂದ.

ಹೆಂಡತಿ ನೋಡಿ ನಕ್ಕಳು. "ಅಂಗಳದಲ್ಲಿ ನುಗ್ಗೆ ನೆಟ್ಟರೆ ಸಾರಿಗಾಗುತ್ತದೆ, ನಿಂಬೆ ನೆಟ್ಟರೆ ಉಪ್ಪಿನಕಾಯಿಗಾಗುತ್ತದೆ. ಇದರ ಕಾಯಿ ತಿನ್ನುವ ಹಾಗಿಲ್ಲ, ಬೇಸಿಗೆಯಲ್ಲಿ ನೆರಳೂ ಇಲ್ಲ. ನೆಟ್ಟು ಏನು ಮಾಡುತ್ತೀರಿ?"

"ನೋಡುತ್ತೇನೆ" ಎಂದ ಗಾಣಿಗ.

ಮೊದಲ ಮಳೆಗೆ ಬೀಜ ಊರಿದ. ಒಂದೂ ಏಳಲಿಲ್ಲ. ಮರುವರ್ಷ ಮತ್ತೆ ಊರಿದ. ಆಗಲೂ ಅಷ್ಟೇ. ಕಕ್ಕೆಯ ಬೀಜ ಕಲ್ಲಿನಂಥದು, ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೆಂಡತಿ ಆ ಜಾಗದಲ್ಲಿ ನುಗ್ಗೆಯ ಕೊಂಬೆ ನೆಡಲು ಗುಂಡಿಯನ್ನೂ ತೋಡಿದಳು. ಅಷ್ಟರಲ್ಲಿ ಒಂದು ಬೆಳಗ್ಗೆ, ಗಾಣದ ಎತ್ತು ಸುತ್ತುವ ಹಾದಿಯ ಅಂಚಿನಲ್ಲಿ ಗಾಣಿಗನಿಗೆ ಒಂದು ಎಳೆಯ ಸಸಿ ಕಂಡಿತು. ಚೆಲ್ಲಿದ ಬೀಜವೊಂದು ಎತ್ತಿನ ಗೊರಸಿಗೆ ಸಿಕ್ಕಿ ಸಿಪ್ಪೆ ತರಚಿಕೊಂಡಿತ್ತು. ತರಚಿದಲ್ಲಿ ನೀರು ಇಳಿದಿತ್ತು. ಅವನು ಬೇರು ಮುರಿಯದಂತೆ ಮಣ್ಣುಸಮೇತ ಅದನ್ನು ಎತ್ತಿ, ನುಗ್ಗೆಗೆಂದು ತೋಡಿದ್ದ ಗುಂಡಿಯಲ್ಲೇ ಇಟ್ಟ. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಬಡಗಿಯಿದ್ದ. ಅವನು ಗಾಣಿಗನ ಬಾಲ್ಯದ ಗೆಳೆಯ. ಕೆಲಸ ಮುಗಿದ ಮೇಲೆ ಇಬ್ಬರೂ ಒಂದೇ ಜಗಲಿಯಲ್ಲಿ ಕೂರುತ್ತಿದ್ದರು. ಆಡು ಕುರಿ ಬಾಯಿ ಹಾಕದಿರಲೆಂದು ಬಡಗಿ ಸಸಿಯ ಸುತ್ತ ಪಟ್ಟಿ ಹೊಡೆದು ಗೂಡು ಕಟ್ಟಿಕೊಟ್ಟ. ಗಾಣಿಗ ಊರಲ್ಲಿಲ್ಲದಾಗ ನೀರೆರೆದವನೂ ಅವನೇ. ಗಾಣಿಗ ಬುಡಕ್ಕೆ ಹಿಂಡಿ ಹಾಕಿ ಮಣ್ಣು ಏರಿಸಿದ. ಪ್ರತಿ ಬೇಸಿಗೆಯಲ್ಲೂ ಗಿಡ ಎಲೆಯುದುರಿಸಿ ಬರಿ ಕೋಲಾಗಿ ನಿಲ್ಲುತ್ತಿತ್ತು. ಬಂದವರೆಲ್ಲ ಸತ್ತಿದೆ, ಕಿತ್ತುಹಾಕು ಎನ್ನುತ್ತಿದ್ದರು. ಗಾಣಿಗ ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ತೋರಿಸುತ್ತಿದ್ದ.

ಹೀಗೆ ವರ್ಷಗಳು ಕಳೆದವು. ಅಷ್ಟರಲ್ಲಿ ಗುಡ್ಡದ ಮಗ್ಗುಲಲ್ಲಿ ಇದ್ದಿಲು ಸುಡುವವರು ಬಂದು ನೆಲೆಯಾದರು. ಮೊದಲು ಕೊಂಬೆ ಕಡಿದರು, ಆಮೇಲೆ ಮರ ಕಡಿದರು, ಕೊನೆಗೆ ಬುಡವನ್ನೂ ಅಗೆದು ಸುಟ್ಟರು. ಸುಡುವುದಕ್ಕೆ ಏನೂ ಉಳಿಯದಾದಾಗ ಮುಂದಿನ ಗುಡ್ಡಕ್ಕೆ ಹೋದರು. ಅವರು ಹೋದ ಮೇಲಿನ ಬೇಸಿಗೆಯಲ್ಲಿ ಗಾಣಿಗನ ಅಂಗಳದ ಕಕ್ಕೆ ಮೊದಲ ಸಲ ಹೂ ಬಿಟ್ಟಿತು.

ಅದು ಹೂ ಬಿಟ್ಟ ಬಗೆಯನ್ನು ಆ ಊರು ಬಹುಕಾಲ ಮರೆಯಲಿಲ್ಲ. ದಾರಿಹೋಕರು ಗಾಡಿ ನಿಲ್ಲಿಸಿದರು. ಎಣ್ಣೆಗೆ ಬಂದವರು ಎಣ್ಣೆ ಮರೆತು ನಿಂತರು. ಬಾಣಂತಿಯರು ಮಕ್ಕಳನ್ನೆತ್ತಿಕೊಂಡು ಬಂದರು. ಗಾಣಿಗನ ಹೆಂಡತಿ ಅದುವರೆಗೆ "ನಿಮ್ಮ ಮರ" ಎನ್ನುತ್ತಿದ್ದವಳು ಆ ದಿನ ಬಾವಿಕಟ್ಟೆಯಲ್ಲಿ "ನಮ್ಮ ಮರ" ಎಂದಳು. ಗಾಣಿಗ ಒಗೆದ ಪಂಚೆಯುಟ್ಟು, ಹೆಗಲ ಮೇಲೆ ಶಲ್ಯ ಹಾಕಿಕೊಂಡು, ಮದುವೆಯ ಮನೆಯ ಯಜಮಾನನಂತೆ ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕರೆದ. ಅವನ ಎದೆ ತುಂಬಿತ್ತು. ತುಂಬಬಾರದೇಕೆ? ಕಲ್ಲಿನಂಥ ಬೀಜದ ಮುಂದೆ ಅಷ್ಟು ವರ್ಷ ಕಾದವನು ಅವನು.

ಆದರೆ ತುಂಬಿದ್ದು ಹುಳಿಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಗುಡ್ಡದಲ್ಲಿ ಕಕ್ಕೆ ಉಳಿದಿಲ್ಲ, ಸುತ್ತಲ ಊರುಗಳಲ್ಲೆಲ್ಲ ತನ್ನದೊಂದೇ ಎಂಬುದು ಗಾಣಿಗನ ತಲೆಯಲ್ಲಿ ಕೂತಿತು. ಕಾಯಿ ಬಲಿತಾಗ ಒಂದೂ ಬಿಡದೆ ಕಿತ್ತು ಅಟ್ಟದ ಮೇಲೆ ಹಾಕಿ ಬೀಗ ಜಡಿದ. ಹೂ ನೋಡಿ ಸುಮ್ಮನೆ ಹೋದವರ ಮೇಲೆ ಸಿಟ್ಟಾದ. ಹೊಗಳಿದವರು ಸಾಲದಷ್ಟು ಹೊಗಳಿದರೆಂದು ಕೊರಗಿದ.

ಒಂದು ಸಂಜೆ ಬಡಗಿ ಜಗಲಿಯಲ್ಲಿ ಕೂತು ಕೇಳಿದ. "ನನಗೊಂದು ಕಾಯಿ ಕೊಡು. ಮಗಳ ಊರಿನಲ್ಲಿ ಅವಳ ಮನೆಯ ಮುಂದೆ ಹಾಕುತ್ತೇನೆ."

"ನೋಡಬೇಕೆನ್ನಿಸಿದರೆ ಅವಳೇ ಇಲ್ಲಿಗೆ ಬರಲಿ" ಎಂದ ಗಾಣಿಗ. "ಎಲ್ಲರ ಅಂಗಳದಲ್ಲೂ ಬೆಳೆದರೆ ನನ್ನದಕ್ಕೇನು ಬೆಲೆ?"

ಬಡಗಿ ಗೆಳೆಯನ ಮುಖವನ್ನು ಒಮ್ಮೆ ನೋಡಿದ. ತಾನು ಕಟ್ಟಿದ ಗೂಡಿನ ಮಾತೆತ್ತಲಿಲ್ಲ, ಎರೆದ ನೀರಿನ ಮಾತೆತ್ತಲಿಲ್ಲ. ಎದ್ದು ಹೋದ. ಮರುದಿನದಿಂದ ಜಗಲಿಗೆ ಬರಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಮನೆ ಬೀಗ ಹಾಕಿ ಮಗಳ ಊರಿಗೇ ಹೊರಟುಹೋದ. ಗಾಡಿಗೆ ಸಾಮಾನು ಏರಿಸುವ ಸದ್ದು ಗಾಣಿಗನಿಗೆ ಕೇಳಿಸಿತು. ಅವನು ಹೊರಗೆ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮರ ಮೊದಲಿಗಿಂತ ಹೆಚ್ಚು ಹೂ ಬಿಟ್ಟಿತು. ಜನ ಬಂದರು, ಹೊಗಳಿದರು, ಹೋದರು. ಸಂಜೆಗೆ ಗಾಣಿಗ ಒಬ್ಬನೇ ಜಗಲಿಯಲ್ಲಿ ಕೂತ. "ನೋಡಿದೆಯಾ?" ಎಂದು ಹೇಳಲು ಪಕ್ಕಕ್ಕೆ ತಿರುಗಿದ. ಯಾರೂ ಇರಲಿಲ್ಲ. ಅನ್ನ ಸೇರಲಿಲ್ಲ. ಬೆಳಗ್ಗೆ ಎದ್ದವನೇ ಕೊಡಲಿ ತೆಗೆದುಕೊಂಡು ಮರದ ಬುಡಕ್ಕೆ ಹೋದ. ಹೆಂಡತಿ ಅಡ್ಡ ಬಂದರೆ ಅವಳನ್ನು ಸರಿಸಿ, ಮೊದಲ ಏಟು ಹಾಕಿಯೇಬಿಟ್ಟ.

"ನಿಲ್ಲಪ್ಪಾ!" ಎಂದು ಬೇಲಿಯಾಚೆಯಿಂದ ಒಂದು ಕೂಗು ಬಂತು. ಗುಡ್ಡದ ಮೇಲೆ ಜೇನು ಕೀಳುವವರ ಹಾಡಿಯಿಂದ ಬಂದ ಮುದುಕಿಯೊಬ್ಬಳು ಅಲ್ಲಿ ನಿಂತಿದ್ದಳು. "ಮರ ಸತ್ತಿಲ್ಲ, ಹುಳ ಬಿದ್ದಿಲ್ಲ. ಯಾಕೆ ಕಡಿಯುತ್ತೀಯೆ?"

"ಇದರಿಂದ ನನಗೆ ಸೊಕ್ಕು ಬಂತು, ಅಜ್ಜಿ. ಇದ್ದ ಒಬ್ಬ ಗೆಳೆಯನನ್ನೂ ಕಳೆದುಕೊಂಡೆ."

"ಸೊಕ್ಕಿದವನು ನೀನು. ಏಟು ಮರಕ್ಕೆ ಯಾಕೆ?"

ಗಾಣಿಗ ಕೊಡಲಿ ಇಳಿಸಿದ. ಮುದುಕಿ ಒಳಗೆ ಬಂದು, ಏಟು ಬಿದ್ದಲ್ಲಿ ಕೈಯಾಡಿಸಿದಳು.

"ಗುಡ್ಡದ ಮೇಲೆ ಇವು ಎಷ್ಟಿದ್ದವೋ ನಮಗೆ ಗೊತ್ತಿಲ್ಲ. ಯಾರವೂ ಅಲ್ಲ ಅಂದುಕೊಂಡಿದ್ದೆವು. ಕಡಿಯುವಾಗ ಯಾರೂ ಅಡ್ಡ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ಇದೊಂದನ್ನು ನೀನು ನನ್ನದು ಅಂದೆ. ಅದಕ್ಕೇ ಇದು ಉಳಿಯಿತು. ಉಳಿಸಿದವನು ಹೆಮ್ಮೆಪಟ್ಟರೆ ಯಾರಿಗೇನು ನೋವು? ಪಡು, ಚೆನ್ನಾಗಿ ಪಡು. ನಮ್ಮಲ್ಲಿ ಕಕ್ಕೆಯ ಹೂ ಕಟ್ಟದೆ ಮದುವೆಯ ಚಪ್ಪರ ಏಳುವುದಿಲ್ಲ, ನನ್ನ ಮೊಮ್ಮಗಳ ಮದುವೆ ನಿಂತಿದೆ. ಒಂದು ಮಡಿಲು ಹೂ ಕೊಟ್ಟು ಆಮೇಲೆ ಹೆಮ್ಮೆಪಡು."

ಗಾಣಿಗನಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ತನ್ನನ್ನು ಕೊರೆದು ತಿಂದ ಹೆಮ್ಮೆಯೇ ಈ ಮರವನ್ನು ಕಾದಿತ್ತು ಎಂದು ಅದುವರೆಗೆ ಅವನಿಗೆ ಹೊಳೆದಿರಲಿಲ್ಲ. ಅವನು ಮರ ಹತ್ತಿದ. ಮುದುಕಿಯ ಮಡಿಲು ತುಂಬಿ ಬುಟ್ಟಿಯೂ ತುಂಬುವಷ್ಟು ಗೊಂಚಲು ಇಳಿಸಿದ. ಅಟ್ಟದ ಬೀಗ ತೆಗೆದು ಕಾಯಿಗಳನ್ನು ತಂದು ಅವಳ ಮುಂದೆ ಸುರಿದ. ಬೀಜವನ್ನು ಕಲ್ಲಿಗೆ ಉಜ್ಜಿ, ನೆನೆಹಾಕಿ, ಆಮೇಲೆ ಊರಬೇಕು ಎಂದು ತಾನೇ ಉಜ್ಜಿ ತೋರಿಸಿದ. ಅವಳು ಹೊರಲಾರದೆ ಉಳಿದದ್ದನ್ನು ಗಾಡಿಗೆ ಹಾಕಿ, ಎತ್ತು ಹೂಡಿಕೊಂಡು ಬಡಗಿಯ ಮಗಳ ಊರಿಗೆ ಹೊರಟ.

ಬಡಗಿ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಾ ಎನ್ನಲಿಲ್ಲ.

"ಈಗ ಯಾಕೆ ತಂದೆ?" ಎಂದ.

"ನೀನು ಒಂದು ಕೇಳಿದ್ದೆ. ನಾನು ಕೊಡಲಿಲ್ಲ" ಎಂದ ಗಾಣಿಗ. ಕಾಯಿಗಳನ್ನು ಗಾಡಿಯಿಂದ ಇಳಿಸಿ ಬಾಗಿಲ ಮುಂದೆ ಇಟ್ಟ.

ಬಡಗಿ ಒಂದು ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಆಡಿಸಿದ. ಒಳಗೆ ಬೀಜ ಗಲಗಲ ಎಂದಿತು. "ಮೊಳಕೆ ಬರುತ್ತದೋ ಇಲ್ಲವೋ" ಎಂದ.

"ಬರದಿದ್ದರೆ ಮತ್ತೆ ತರುತ್ತೇನೆ."

ಬಡಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮಳೆ ಬಂತು. ಹಾಡಿಯವರು ಗುಡ್ಡದ ತುಂಬ ಬೀಜ ಊರಿದರು. ಕೆಲವು ಎದ್ದವು, ಕೆಲವು ಕೊಳೆತವು, ಎದ್ದವುಗಳಲ್ಲಿ ಕೆಲವನ್ನು ಬಿಸಿಲು ತಿಂದಿತು. ಅವರು ಮತ್ತೆ ಗಾಣಿಗನ ಮನೆಗೆ ಬಂದರು, ಮತ್ತೆ ಊರಿದರು. ಈ ಸಲ ಕಟ್ಟಿಗೆಗೆಂದು ಬಂದವರಿಗೆ, ಇವು ನಮ್ಮವು ಎಂದು ಅಡ್ಡ ನಿಂತರು. ಊರಿನ ಅಂಗಳಗಳಲ್ಲೂ ಸಸಿಗಳು ಎದ್ದವು. ಗಾಣಿಗನ ಕೂದಲು ಪೂರಾ ನೆರೆಯಿತು. ಮರದ ಗಾಯ ಮಾಗಿ ಗಂಟು ಕಟ್ಟಿತು.

ಕೊನೆಗೊಂದು ಬೇಸಿಗೆ ಬಂತು. ಊರಿಂದ ಗುಡ್ಡದ ನೆತ್ತಿಯವರೆಗೆ ಹಳದಿ ಹರಡಿತು. ದೂರದೂರದಿಂದ ಜನ ಬಂದರು. ನಮ್ಮ ಮನೆಯ ಕಕ್ಕೆ ಚೆಂದವೋ ನಿಮ್ಮ ಮನೆಯದು ಚೆಂದವೋ ಎಂದು ಹೆಂಗಸರು ಬೀದಿಯಲ್ಲಿ ನಿಂತು ವಾದಿಸಿದರು. ಬಡಗಿಯೂ ಮಗಳ ಊರಿನಿಂದ ಬಂದಿದ್ದ. ಗೆಳೆಯರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಗುಡ್ಡದ ದಾರಿಯಲ್ಲಿ ಮೆಲ್ಲಗೆ ಏರಿ, ಉಸಿರು ಕಟ್ಟಿದಲ್ಲಿ ಕೂತರು. ಅಲ್ಲಿ ಯಾರಿಗೂ ಅವರ ಗುರುತಿರಲಿಲ್ಲ. ಕೆಳಗೆ ಕಾಣುತ್ತಿದ್ದುದನ್ನು ಗಾಣಿಗ ಬಹಳ ಹೊತ್ತು ನೋಡಿದ. ಅವನ ಎದೆ ಎಂದೂ ಇಲ್ಲದಷ್ಟು ಉಬ್ಬಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಂಗಯ್ಯ ಕೇಳಿದ. "ಹಾಗಾದರೆ ಕೊನೆಯವರೆಗೂ ಅವನ ಹೆಮ್ಮೆ ಹೋಗಲೇ ಇಲ್ಲವೇ, ಗುರುಗಳೇ?"

"ಅದನ್ನು ವಿಚಾರಿಸಲು ಯಾರಿಗೂ ಪುರುಸೊತ್ತಿರಲಿಲ್ಲ, ಸಂಗಯ್ಯ, ಎಲ್ಲರೂ ಹೂ ನೋಡುತ್ತಿದ್ದರು."

ಮರುದಿನ ನಸುಕಿನಲ್ಲಿ ಸಂಗಯ್ಯ ಮತ್ತೆ ಪ್ರಾರ್ಥನೆ ಹಾಡಿದ.