ತಿಗರಿ ಅಂದರೇನು?

ಬ್ರಹ್ಮಾಂಡವನ್ನೇ ಬೆರಳತುದಿಯಲ್ಲಿ ಆಡಿಸುವ ಶಿವನಿಗೆ ಶರಣು.

ಒಂದೂರಿನ ದೇಸಾಯರಿಗೆ ಹೊಸದಾಗಿ ಪಾಂಡಿತ್ಯದ ಹುಚ್ಚು ಹಿಡಿದಿತ್ತು. ಕುಂಬಾರ ಈರಭದ್ರನ ಅಂಗಳಕ್ಕೆ ಬಂದು, ಗಡಿಗೆ ಮಾಡುವ ಚಕ್ರ ತೋರಿಸಿ ಕೇಳಿದರು: "ಇದಕ್ಕ ತಿಗರಿ ಅಂತ ಯಾಕಂತಾರ? ಆ ಮಾತು ಎಲ್ಲಿಂದ ಬಂತು?"

"ನಮ್ಮಜ್ಜ ಅಂತಿದ್ದ, ನಾನೂ ಅಂತೀನ್ರಿ."

"ಅರ್ಥ ತಿಳೀದವ ಅದನ್ನ ಮುಟ್ಟಬಾರದು. ಅರ್ಥ ಸಿಗೋತನಕ ಕೈ ಹಚ್ಚಿದ್ಯೋ, ಊರು ಬಿಡಿಸ್ತೀನಿ!"

ಕುಂಬಾರನ ಹೆಂಡತಿ ಕಣ್ಣೀರು ಹಾಕಿದಳು. "ಹೊಟ್ಟಿಗೇನು ಮಾಡೂದು?"

"ಶಿವ ಅದಾನ. ಧಣ್ಯಾರ ಮಗಳ ಮದಿವೀನೂ ಹತ್ರ ಬಂದದ" ಎಂದು ಈರಭದ್ರ ಕೈಕಟ್ಟಿ ಕೂತ.

ಆ ಸೀಮೆಯಲ್ಲಿ ಮದುವೆಗೆ ಮೊದಲು ಹೆಂಗಸರು ತಿಗರಿಗೆ ಪೂಜೆ ಮಾಡಿ, ಐರಾಣಿ ಎಂಬ ಮದುವೆಯ ಗಡಿಗೆಗಳನ್ನು ಮಾಡಲು ಕುಂಬಾರನಿಗೆ ಹೇಳಿಹೋಗಬೇಕು. ಆ ಗಡಿಗೆಗಳಿಲ್ಲದೆ ಮದುವೆಯೇ ಇಲ್ಲ. ದೇಸಾಯರ ಹೆಂಡತಿ ದೇಸಾಯಿಣಿಯವರು ಹೆಂಗಸರೊಡನೆ ಆರತಿ ಹಿಡಿದು ವಾಲಗದೊಂದಿಗೆ ಬಂದರು.

ಈರಭದ್ರ ಕೈಮುಗಿದ. "ಮುಟ್ಟಬ್ಯಾಡ ಅಂತ ಧಣ್ಯಾರ ಅಪ್ಪಣೆ ಆಗೇತ್ರಿ, ತಾಯಿ."

ಸುದ್ದಿ ಮುಟ್ಟಿ ದೇಸಾಯರು ಓಡಿಬಂದರು. "ತಿರುಗಿಸೋ ಮೊದಲ!"

"ಅರ್ಥ ಇನ್ನೂ ಸಿಕ್ಕಿಲ್ರಿ."

"ಗಡಿಗಿ ಯಾಕಿಲ್ಲಂತ ಬೀಗರು ಕೇಳಿದ್ರ, ಅವರಿಗೆ ಅರ್ಥ ನೀವ ಹೇಳ್ರಿ!" ಎಂದು ದೇಸಾಯಿಣಿ ಗದರಿದರು.

ದೇಸಾಯರು ಬೆವರು ಒರೆಸಿಕೊಂಡರು. "ತಿರುಗ್ತದ, ಅದಕ್ಕ ತಿಗರಿ! ಮತ್ತೇನೈತೋ ಅದರಾಗ?"

"ಇಷ್ಟ ಏನ್ರಿ? ದೊಡ್ಡದೇನೋ ಇರಬೇಕಂತ ಹೆದರಿ ಕುಂತಿದ್ದೆ. ಖರೇನೋ ಸುಳ್ಳೋ, ಧಣ್ಯಾರ ಒಮ್ಮಿ ತಿರುಗಿಸಿ ತೋರಸ್ರಿ."

ದೇಸಾಯರು ರುಮಾಲು ಬಿಚ್ಚಿಟ್ಟು, ಕೋಲು ಹಿಡಿದು ತಿಗರಿ ತಿರುಗಿಸಿದರು. ಹೆಂಗಸರು ನಗುತ್ತಲೇ ಆರತಿ ಬೆಳಗಿದರು.

ಕೇಳಿದವರೆಲ್ಲರ ಕೊಡದಲ್ಲಿ ನೀರು, ಗಡಿಗೆಯಲ್ಲಿ ಅನ್ನ ಸದಾ ತುಂಬಿರಲಿ.