ಕಲ್ಮೇಶ ಹಾಕಿದ ಗಂಟು

ನದಿಯ ದಂಡೆಯ ಆ ಮಠದಲ್ಲಿ ಕಲ್ಮೇಶ ಹಾಕಿದ ಗಂಟನ್ನು ಬಿಚ್ಚಿದವರು ಯಾರೂ ಇರಲಿಲ್ಲ. ಹಿಟ್ಟಿನ ಚೀಲದ ಬಾಯಿಯನ್ನು ಅವನು ಕಟ್ಟಿದರೆ ಅಡುಗೆಮನೆಯವರು ಕುಡುಗೋಲು ಹುಡುಕಬೇಕಿತ್ತು. ಕರುವನ್ನು ಕಟ್ಟಿದರೆ ಅದು ಮಲಗಲಾರದೆ ನಿಂತೇ ಬೆಳಗು ಮಾಡುತ್ತಿತ್ತು.

“ಸಡಿಲ ಅಂದ್ರ ಸೋಮಾರಿತನ,” ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು ಈ ಮಾತು ಕೇಳಿ ಸುಮ್ಮನೆ ಗಡ್ಡ ನೀವಿಕೊಳ್ಳುತ್ತಿದ್ದರು.

ಮಠಕ್ಕೆ ಬರುವ ಮುಂಚೆ ಕಲ್ಮೇಶ ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಹಾಗಾಗಿ ಮಠದ ವ್ಯಾನಿನ ರಿಪೇರಿ ಅವನ ಪಾಲಿಗೆ ಬಂತು. ಅದು ಭಕ್ತರೊಬ್ಬರು ಕೊಟ್ಟ ಗಾಡಿ, ಗೇರನ್ನು ತಾನೇ ಬದಲಿಸಿಕೊಳ್ಳುವಂಥದು. ಕಿಡ್ನಿ ಕೆಟ್ಟವರನ್ನು ಹಳ್ಳಿಗಳಿಂದ ಹತ್ತಿಸಿಕೊಂಡು ಗುಡ್ಡದಾಚೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಒಯ್ಯುವುದು ಅದರ ಕೆಲಸ. ಓಡಿಸುವವನು ಅಡಿವೆಪ್ಪ, ಮಠದ ಹಳೆಯ ಶಿಷ್ಯ. ಮಾತು ಕಡಿಮೆ.

ಶ್ರಾವಣ ಬಂತೆಂದರೆ ಮಠದಲ್ಲಿ ಒಂದು ಪದ್ಧತಿ. ಇದ್ದಬದ್ದದ್ದನ್ನೆಲ್ಲ ತೊಳೆದು, ಗಂಟೆಯ ಹಗ್ಗದಿಂದ ಬಾವಿಯ ಹಗ್ಗದವರೆಗೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಬೇಕು. ಆ ವರ್ಷ ಕಲ್ಮೇಶ ವ್ಯಾನನ್ನೂ ಬಿಡಲಿಲ್ಲ. ಎಂಜಿನ್ನಿನ ಸುತ್ತ ಜೋತುಬಿದ್ದಿದ್ದ ವೈರುಗಳನ್ನು ಒಟ್ಟುಗೂಡಿಸಿ, ಜಗ್ಗಿ, ಚೊಕ್ಕವಾಗಿ ಕಟ್ಟಿಹಾಕಿದ.

ಕೆಲವು ವಾರಗಳಲ್ಲಿ ಗಾಡಿ ಹಟಕ್ಕೆ ಬಿತ್ತು. ಗುಡ್ಡದ ಏರಿನಲ್ಲಿ ಒಂದೇ ಗೇರಿಗೆ ಅಂಟಿಕೊಂಡು ಬಿಡುತ್ತಿತ್ತು. ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತೇ ಹೊರತು ಗಾಡಿ ಮೇಲೇರುತ್ತಿರಲಿಲ್ಲ.

ಕಲ್ಮೇಶ ಪೇಟೆಯಿಂದ ಗಾಡಿಯ ದೋಷ ಹುಡುಕುವ ಸ್ಕ್ಯಾನರ್ ತಂದು ಹಚ್ಚಿ ನೋಡಿದ. ಗೇರ್‌ಬಾಕ್ಸಿನೊಳಗಿನ ವೇಗ ಎಷ್ಟೆಂದು ಸುದ್ದಿ ಕಳಿಸುವ ಸೆನ್ಸರ್ ಸರಿಯಿಲ್ಲ ಎಂದು ತೋರಿಸಿತು. ಹೊಸ ಸೆನ್ಸರ್ ಹಾಕಿದ. ಮತ್ತೆ ಅದೇ ಪಾಡು. ಇನ್ನೊಂದು ಹಾಕಿದ. ಊಹುಂ.

“ಬರೇ ಏರಿನ್ಯಾಗ ಹಿಂಗ ಆಗತೈತಿ,” ಎಂದ ಅಡಿವೆಪ್ಪ. “ಮಂದಿ ತುಂಬಿದಾಗ.”

ಕಲ್ಮೇಶ ಗಾಡಿಯನ್ನು ಅಂಗಳದಲ್ಲಿ ಚಾಲೂ ಮಾಡಿ ನೋಡಿದ. ಖಾಲಿ ಗಾಡಿಯನ್ನು ನದಿಯವರೆಗೆ ಓಡಿಸಿಯೂ ನೋಡಿದ. ಒಂದಿಷ್ಟೂ ತಕರಾರಿಲ್ಲದೆ ಓಡಿತು.

“ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ,” ಎಂದ. ಅಡಿವೆಪ್ಪ ಕೀಲಿ ತೆಗೆದುಕೊಂಡು ಹೋದ.

ಮರುದಿನ ಗಾಡಿ ನಡುಗುಡ್ಡದಲ್ಲಿ ನಿಂತೇಬಿಟ್ಟಿತು. ಅಡಿವೆಪ್ಪ ದಾರಿಯಲ್ಲಿ ಬಂದ ಟ್ರ್ಯಾಕ್ಟರಿಗೆ ಕೈಮಾಡಿ, ರೋಗಿಗಳನ್ನು ಅದರಲ್ಲಿ ಕೂರಿಸಿ ಕಳಿಸಿ, ಖಾಲಿ ಗಾಡಿಯನ್ನು ಮಠಕ್ಕೆ ಇಳಿಸಿಕೊಂಡು ಬಂದ. ಟ್ರ್ಯಾಕ್ಟರ್ ಆಸ್ಪತ್ರೆ ತಲುಪುವಷ್ಟರಲ್ಲಿ ನೀಲವ್ವ ಎಂಬ ಮುದುಕಿಯ ಪಾಳಿ ತಪ್ಪಿಹೋಗಿತ್ತು. ಸಂಜೆಗೆ ಅವಳಿಗೆ ಉಸಿರಾಡಲೂ ಕಷ್ಟವಾಯಿತು. ಡಾಕ್ಟರು ಹೇಗೋ ಬದುಕಿಸಿ, ಇನ್ನೊಮ್ಮೆ ತಪ್ಪಿದರೆ ನಮ್ಮ ಕೈಲಿಲ್ಲ ಎಂದು ಹೇಳಿ ಮರುದಿನ ಮನೆಗೆ ಕಳಿಸಿದರು.

ಸುದ್ದಿ ಕೇಳಿ ಕಲ್ಮೇಶ ದಡದಡ ಅಜ್ಜಾರ ಬಳಿ ಹೋದ.

“ಅಜ್ಜಾರ, ಅಡಿವೆಪ್ಪನ ಕೈಯಾಗಿನ ಕೀಲಿ ಇಸ್ಕೋರಿ.”

“ಯಾಕೋ?”

“ಅಂವಗ ಈ ಗಾಡಿ ಹೊಡಿಯಾಕ ಬರಂಗಿಲ್ರಿ. ಗೇರ್‌ಬಾಕ್ಸ್ ಕೆಡಿಸಿ ಇಟ್ಟಾನ. ಇನ್ನ ಅದನ್ನ ಇಳಿಸಿ ಬಿಚ್ಚಬೇಕು. ಎಂಟು ದಿನಾ ಗಾಡಿ ನಿಲ್ಲಬೇಕು.”

“ಎಂಟು ದಿನಾ ನೀಲವ್ವ ನಿಲ್ತಾಳೇನು?”

ಕಲ್ಮೇಶನಿಗೆ ಮುದುಕಿಯ ಊದಿದ ಕಾಲುಗಳು ನೆನಪಾದವು. ಆ ನೆನಪು ಸಿಟ್ಟಾಗಿ ಹೊರಬಿತ್ತು.

“ಅದಕ್ಕ ಹೇಳಾಕತ್ತೀನ್ರಿ! ಮಠದಾಗ ಅಂವ ಇರಬೇಕು, ಇಲ್ಲಾ ನಾ ಇರಬೇಕು.”

ಅಜ್ಜಾರು ವಸ್ತ್ರ ಹೆಗಲಿಗೆ ಹಾಕಿಕೊಂಡು ಎದ್ದರು.

“ಮೊದಲ ಊಟಾ ಮಾಡು, ನಡಿ,” ಎಂದರು.

ದಾಸೋಹದ ಸಾಲಿನಲ್ಲಿ ಕಲ್ಮೇಶ ಕಂಬದ ಪಕ್ಕ ಕೂತ. ಅಜ್ಜಾರೇ ಬಂದು ರೊಟ್ಟಿ ಬಡಿಸಿದರು. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು, ಅವನ ಎಡಗೈಯನ್ನು ಕಂಬಕ್ಕೆ ಕಟ್ಟಿದರು. ಜಗ್ಗಿ, ಬಿಗಿದು, ಚೊಕ್ಕವಾಗಿ.

“ನಿನ್ನಂಗ ಕಟ್ಟೀನಿ ನೋಡು. ಏನರ ತ್ರಾಸ ಐತೇನು?”

“ಇಲ್ರಿ.”

ಸಾಲಿನಲ್ಲಿದ್ದವರು ಮುಸಿಮುಸಿ ನಕ್ಕರು. ಕಲ್ಮೇಶ ತಲೆ ಎತ್ತದೆ ಉಂಡ. ಬಲಗೈ ಕಟ್ಟಿರಲಿಲ್ಲವಲ್ಲ, ಊಟಕ್ಕೇನೂ ಅಡ್ಡಿಯಾಗಲಿಲ್ಲ.

“ಅಡಿವೆಪ್ಪಗ ಮಜ್ಜಿಗಿ ಬೇಕಂತ. ಏಳು, ನೀಡಿ ಬಾ,” ಎಂದರು ಅಜ್ಜಾರು.

ಅಜ್ಜಾರ ಮಾತೆಂದರೆ ಏಳುವುದೇ. ಕಲ್ಮೇಶ ಎದ್ದ. ಮಣಿಕಟ್ಟು ಜಗ್ಗಿತು, ತೋಳು ಚುಳ್ ಎಂದಿತು, ತಾಟು ಮಗುಚಿ ಸಾರು ಚೆಲ್ಲಿತು.

“ತ್ರಾಸ ಇಲ್ಲ ಅಂದ್ಯಲ್ಲೋ?”

“ಅದು ಕುಂತಾಗ್ರಿ! ಈಗ ಎದ್ದೆನಲ್ರಿ...”

ಭಾರ ಬಿದ್ದರೆ ಎಂಜಿನ್ ಕೂತಲ್ಲೇ ಒಂದಿಷ್ಟು ಹೊರಳುತ್ತದೆ. ಗ್ಯಾರೇಜಿನಲ್ಲಿ ಮೊದಮೊದಲು ಕಲಿತ ಪಾಠ ಅದು. ಕಲ್ಮೇಶ ಕಂಬವನ್ನು ನೋಡಿದ, ವಸ್ತ್ರವನ್ನು ನೋಡಿದ, ಅಂಗಳದಲ್ಲಿ ನಿಂತ ವ್ಯಾನನ್ನು ನೋಡಿದ.

“ಬಿಚ್ರಿ ಅಜ್ಜಾರ, ಲಗೂ ಬಿಚ್ರಿ!”

“ನಿನ್ನ ಗಂಟು ನನಗ ಬಿಚ್ಚಾಕ ಬರಂಗಿಲ್ಲೋ,” ಎಂದು ಅಜ್ಜಾರು ಮುಂದಿನ ಸಾಲಿಗೆ ರೊಟ್ಟಿ ಬಡಿಸಲು ಹೋದರು.

ಯಾರೂ ಮೇಲೇಳಲಿಲ್ಲ. ಕೊನೆಗೆ ಅಡಿವೆಪ್ಪನೇ ಕೈತೊಳೆದು ಬಂದು, ಕಂಬದ ಬುಡದಲ್ಲಿ ಕೂತು, ಹಲ್ಲು ಹಚ್ಚಿ ಗಂಟನ್ನು ಬಿಚ್ಚಿದ. ಸಾಕಷ್ಟು ಹೊತ್ತು ಹಿಡಿಯಿತು. ಕಲ್ಮೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಇಬ್ಬರೂ ವ್ಯಾನಿನ ಬಳಿ ಹೋದರು. ಕಲ್ಮೇಶ ಬಾನೆಟ್ ಎತ್ತಿ ಪಕ್ಕಕ್ಕೆ ನಿಂತ.

“ಬ್ರೇಕ್ ಗಟ್ಟಿ ಹಿಡಿದು, ಗೇರಿಗೆ ಹಾಕಿ ಒಂಚೂರು ಎಕ್ಸಲೇಟರ್ ಕೊಡು, ಅಣ್ಣಾ.”

ಅಣ್ಣಾ ಎಂದು ಕರೆದದ್ದು ಅದೇ ಮೊದಲು.

ಎಂಜಿನ್ ಹೊರಳಿತು. ಸೆನ್ಸರಿನ ವೈರು ಅದರ ಜೊತೆ ಹೋಗಲು ನೋಡಿತು, ಹೋಗಲು ದಾರಿಯಿರಲಿಲ್ಲ. ಬಿಚ್ಚಿ ನೋಡಿದರೆ ಮೇಲಿನ ಸಿಪ್ಪೆ ನೆಟ್ಟಗಿತ್ತು, ಒಳಗೆ ತಂತಿ ಹರಿದಿತ್ತು. ಗಾಡಿ ಸುಮ್ಮನಿದ್ದಾಗ ಎರಡು ತುದಿಗಳು ಒಂದಕ್ಕೊಂದು ತಾಗಿರುತ್ತಿದ್ದವು, ಏರಿನಲ್ಲಿ ಅಗಲುತ್ತಿದ್ದವು. ಪಕ್ಕದಲ್ಲೇ ಅವನ ಗಂಟಿತ್ತು.

“ತಪ್ಪು ನಂದು, ಅಣ್ಣಾ.”

“ಹೌದು,” ಎಂದ ಅಡಿವೆಪ್ಪ. “ನೀಲವ್ವಗೂ ಹೇಳು.”

ಕಲ್ಮೇಶ ಹರಿದ ತಂತಿಯನ್ನು ಬೆಸೆದ. ಕಟ್ಟಿದ್ದನ್ನೆಲ್ಲ ಬಿಚ್ಚಿದ.

ಬೆಳಿಗ್ಗೆ ಮಂದಿ ತುಂಬಿದ ವ್ಯಾನು ಹೊರಟಿತು. ಕಲ್ಮೇಶ ಹಿಂದೆ ನೀಲವ್ವನ ಪಕ್ಕ ಕೂತು, ಏರು ಬಂದಾಗ ಉಸಿರು ಬಿಗಿಹಿಡಿದ. ಗೇರು ಬದಲಾಯಿತು, ಮತ್ತೆ ಬದಲಾಯಿತು, ಗಾಡಿ ಗುಡ್ಡದ ನೆತ್ತಿ ಮುಟ್ಟಿತು. ಅಲ್ಲಿ ಅವನು ಮುದುಕಿಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಕಣ್ಣಲ್ಲಿ ನೀರು ಬಂತು.

“ಇರಲಿ ಬಿಡಪಾ,” ಎಂದಳು ನೀಲವ್ವ. “ಆ ಕಿಡಕಿ ಹಾಕು, ಥಂಡಿ ಗಾಳಿ ಬರಾಕತ್ತೈತಿ.”

ಸಂಜೆ ಅಜ್ಜಾರು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಕಲ್ಮೇಶ ಒಂದು ಮೆಟ್ಟಿಲು ಕೆಳಗೆ ಕೂತ. ಮಣಿಕಟ್ಟಿನ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ.

“ಅಜ್ಜಾರ, ವೈರಿನ ಸಂಗತಿ ನಿಮಗ ಹೆಂಗ ಗೊತ್ತಾತ್ರಿ?”

“ವೈರು ನನಗೇನ ಗೊತ್ತೋ? ನಿನ್ನ ಗಂಟು ಗೊತ್ತಿತ್ತು.”

ಕಲ್ಮೇಶ ಮಣಿಕಟ್ಟು ತಿಕ್ಕಿಕೊಂಡ.

“ಕಡಿಮಿ ಬಿಟ್ರ ಜಗ್ಗಿ ಹರೀತೈತಿ. ಭಾಳ ಬಿಟ್ರ ಜೋತುಬಿದ್ದು ಎಂಜಿನ್ನಿಗೆ ತಾಗಿ ಸುಡತೈತಿ. ಎಷ್ಟು ಸಡಿಲ ಬಿಡಬೇಕು ಅನ್ನೂದು ಹೆಂಗ ತಿಳೀಬೇಕ್ರಿ?”

ಅಜ್ಜಾರು ಎದ್ದು ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡರು.

“ನಿನ್ನಿ ನೀ ‘ಅಂವ ಇರಬೇಕು, ಇಲ್ಲಾ ನಾ ಇರಬೇಕು’ ಅಂದಾಗ, ನಾ ನಿನ್ನ ಹೊರಗೂ ಹಾಕಲಿಲ್ಲ, ನೀ ಹೇಳಿದಂಗೂ ಕೇಳಲಿಲ್ಲ. ಎಷ್ಟು ಬಿಟ್ಟೆ? ಅಷ್ಟು.”